ಗೋಡೆ ನುಂಗಿದ ನಾಲ್ಕಡಿ

ಹರಿಹರ
8 ಜನವರಿ 1958

ಅಕ್ಕಾ,

ನಮಸ್ಕಾರ. ಕಾಗದ ಕಂಡ ಕೂಡಲೇ "ಇವನಿಗೆ ಈಗ ನೆನಪಾಯಿತೇ ಅಕ್ಕ ಬದುಕಿದ್ದಾಳೆ ಅಂತ" ಎಂದು ಬೈಯುತ್ತೀ. ಬೈದು ಮುಗಿಸಿ ಓದು. ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಮ್ಮ ಭಾಗದ ಕೆಲಸ ಮುಗಿಯಿತು. ಈಗ ಹರಿಹರಕ್ಕೆ ಬಂದಿದ್ದೇನೆ, ನಿನ್ನಿಂದ ಒಂದು ರೈಲಿನ ದೂರದಲ್ಲಿದ್ದೇನೆ. ಹೊಳೆದಂಡೆಯ ಹಳೇ ಮಠ ನಿನಗೆ ನೆನಪಿರಬೇಕು. ನಿಮ್ಮೂರಿನ ಹತ್ತಿ ವ್ಯಾಪಾರಿ ಕರಿಬಸವರಾಜಪ್ಪನವರು ಅದನ್ನು ಕೊಂಡಿದ್ದಾರೆ. ಓದುವ ಹುಡುಗರಿಗೆ ಅಲ್ಲಿ ಪ್ರಸಾದ ನಿಲಯ ಮಾಡಬೇಕೆಂದು ಕಮಿಟಿ ಕಟ್ಟಿದ್ದಾರೆ. ಆ ಕೆಲಸಕ್ಕೆ ನಾನೇ ಓವರ್ಸಿಯರ್.

ಮಠ ಅನ್ನುತ್ತಾರೆಯೇ ಹೊರತು ಅಲ್ಲಿ ಸ್ವಾಮಿಗಳಿಲ್ಲದೆ ಇನ್ನೂರು ವರ್ಷವಾಗಿರಬೇಕು. ಇದರ ಚರಿತ್ರೆ ಯಾರೂ ಬರೆದಿಟ್ಟಿಲ್ಲ, ಆದರೆ ಗೋಡೆ ಓದಲು ಬಂದರೆ ಸಾಕು. ಮೊದಲು ಕಟ್ಟಿದವರು ಉದ್ದನೆಯ ಪಡಸಾಲೆ, ಸುತ್ತ ಕೋಣೆ, ಹೊಳೆಯ ಕಡೆಗೆ ಸಾಲು ಕಿಟಕಿ ಇಟ್ಟಿದ್ದರು. ಗೋಡೆಯ ದಪ್ಪದಲ್ಲೇ ಒಬ್ಬ ಮನುಷ್ಯ ಪದ್ಮಾಸನ ಹಾಕಿ ಕೂರುವಷ್ಟು ಗೂಡುಗಳನ್ನೂ ಬಿಟ್ಟಿದ್ದಾರೆ, ಕೂತು ಲಿಂಗಪೂಜೆ ಮಾಡಲಿಕ್ಕೆ. ನವಾಬರ ಕಾಲಕ್ಕೆ ಇದು ಕುದುರೆ ಲಾಯವಾಯಿತು. ಹೊಳೆ ಕಂಡು ಕುದುರೆ ಬೆದರುತ್ತವೆಂದು ಆ ಕಡೆಯ ಕಿಟಕಿ ಮುಚ್ಚಿದರು, ಗೂಡುಗಳಿಗೆ ಹುರುಳಿ ತುಂಬಿದರು. ಕಂಪನಿ ಸರ್ಕಾರದವರು ಮದ್ದಿನ ಕೋಠಿ ಮಾಡಿಕೊಂಡು ಬೆಳಕಿಂಡಿಗಳನ್ನು ಮುಚ್ಚಿದರು. ಆಮೇಲೆ ಹತ್ತಿ ಗೋದಾಮು. ಕಿಡಿ ಹಾರೀತೆಂದು ಉಳಿದ ಸಣ್ಣ ಕಂಡಿಗಳನ್ನೂ ಬಿಡಲಿಲ್ಲ. ಬಂದವರೆಲ್ಲ ಒಂದೊಂದನ್ನು ಮುಚ್ಚಿಕೊಂಡೇ ಹೋಗಿದ್ದಾರೆ, ತೆಗೆದವನು ಒಬ್ಬನೂ ಇಲ್ಲ. ಒಳಗೆ ಗಾಳಿಯೇ ಆಡುವುದಿಲ್ಲ.

ಅಪ್ಪ ಹರಿಹರದ ಯಾವುದೋ ಹತ್ತಿ ಗೋದಾಮಿನಲ್ಲಿ ಗುಮಾಸ್ತನಾಗಿದ್ದ ಅಂತ ಕೇಳಿದ್ದೆ. ಇದೇನಾ ಅದು?

ಇನ್ನೊಂದು ತಮಾಷೆ ಕೇಳು. ಬಡಗಣ ಕೋಣೆಯನ್ನು ಒಳಗಿನಿಂದ ಅಳೆದರೆ ಒಂದು ಲೆಕ್ಕ, ಹೊರಗಿನಿಂದ ಅಳೆದರೆ ಇನ್ನೊಂದು. ನಾಲ್ಕಡಿ ಮಾಯ. ಗೋಡೆ ನುಂಗಿಬಿಟ್ಟಿದೆ. ಅಲ್ಲೊಂದು ಗೂಡು ಮುಚ್ಚಿಹೋಗಿರಬೇಕು, ಒಡೆಸಿ ನೋಡುತ್ತೇನೆ.

ಈಗಲೂ ಬಳೆಗಳಿಗೆ ದಾರ ಸುತ್ತಿಕೊಂಡೇ ಓಡಾಡುತ್ತೀಯೋ? "ನಿಮ್ಮಕ್ಕ ಮನೆಯಾಗೆ ಬೆಕ್ಕಿನಂಗೆ ಓಡಾಡ್ತಾಳಪ್ಪ, ಬಂದಿದ್ದೇ ಗೊತ್ತಾಗಲ್ಲ" ಅಂತ ಭಾವ ಪ್ರತಿಸಲವೂ ಹೇಳುತ್ತಾರೆ. ಒಂದು ದಿನ ಅವರನ್ನು ಕರೆದುಕೊಂಡು ಬಾ. ಮದುವೆಯಾದ ಮೇಲೆ ನೀನು ಹರಿಹರದ ಕಡೆ ತಲೆಯನ್ನೇ ಹಾಕಿಲ್ಲವಲ್ಲ.

ನಿನ್ನ ತಮ್ಮ
ಕೆಂಚವೀರಪ್ಪ


ದಾವಣಗೆರೆ
15 ಜನವರಿ 1958

ತಮ್ಮಾ,

ಆಶೀರ್ವಾದ. ನಿನ್ನೆ ಸಂಕ್ರಾಂತಿ ಆಯಿತು. ನಿನ್ನ ಪಾಲಿನ ಎಳ್ಳು ಬೆಲ್ಲ ಡಬ್ಬಿಯಲ್ಲಿದೆ. ನಿನ್ನ ಭಾವ ಶಿವಯೋಗಪ್ಪನವರಿಗೆ ಮಂಡಿನೋವು ಕಡಿಮೆಯಾಗಿಲ್ಲ, ಅವರನ್ನು ಬಿಟ್ಟು ನಾನು ಎಲ್ಲಿಗೂ ಬರುವ ಹಾಗಿಲ್ಲ.

ಕೆಲಸ ಸಿಕ್ಕಿದ್ದು ಸಂತೋಷ. ಆದರೆ ಹರಿಹರದಲ್ಲಿ ಬೇರೆ ಕೆಲಸವೇ ಇರಲಿಲ್ಲವೇನೋ? ಆ ಬಡಗಣ ಗೋಡೆಯನ್ನು ಮುಟ್ಟಬೇಡ. ಯಾಕೆ ಅಂತ ಕೇಳಬೇಡ. ಹಿರಿಯಳು ಹೇಳಿದ್ದೇನೆ ಅಂತ ಇಟ್ಟುಕೊ. ನಾಲ್ಕಡಿ ಕಡಿಮೆಯಾದರೆ ನಿನ್ನ ಹುಡುಗರು ನಾಲ್ಕಡಿ ಸರಿದು ಮಲಗಲಿ.

ಇನ್ನೊಂದು ಮಾತು. ಆ ಕೋಣೆಗೆ ಒಂದು ಕಿಟಕಿ ಇಡಿಸು. ಗೋಡೆ ಒಡೆಯಬೇಡ ಅಂತ ಹೇಳಿ ಕಿಟಕಿ ಇಡು ಅಂದರೆ ಅಕ್ಕನಿಗೆ ಬುದ್ಧಿ ಕೆಟ್ಟಿದೆ ಅನ್ನುತ್ತೀ. ಅನ್ನು. ಪಕ್ಕದ ಗೋಡೆಗಾದರೂ ಇಡಿಸು.

ಹೊತ್ತಿಗೆ ಸರಿಯಾಗಿ ಉಣ್ಣು.

ಕಸ್ತೂರಮ್ಮ


ಹರಿಹರ
29 ಜನವರಿ 1958

ಅಕ್ಕಾ,

ಬುದ್ಧಿ ಕೆಟ್ಟಿದೆ ಅನ್ನಲಿಲ್ಲ, ಹೆದರಿಕೆ ಹತ್ತಿದೆ ಅಂದುಕೊಂಡೆ. ಕೇಳಿದ್ದಕ್ಕೆ ಉತ್ತರ ಕೊಡದೆ ಎಳ್ಳು ಬೆಲ್ಲದ ಸುದ್ದಿ ಬರೆಯುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ.

ಹೆದರಿದವಳು ನೀನೊಬ್ಬಳೇ ಅಲ್ಲ, ಸಮಾಧಾನ ಮಾಡಿಕೊ. ಮಠದ ಎದುರಿಗೆ ಹಜೀರಾಬೀ ಅಂತ ಒಬ್ಬ ಅಜ್ಜಿ ಬೀಡಿ ಕಟ್ಟುತ್ತಾ ಕೂತಿರುತ್ತಾಳೆ. ಹುಟ್ಟಿದ್ದು, ಮುದುಕಿಯಾದದ್ದು ಎಲ್ಲ ಅದೇ ಜಗಲಿಯ ಮೇಲೆ. ನಾನು ಬಡಗಣ ಕೋಣೆಯ ಬೀಗ ತೆಗೆಸುವುದನ್ನು ಕಂಡು ಕರೆದಳು. "ಒಳಗೆ ಯಾರೋ ಹೆಣ್ಣುಮಗಳು ಅದಾಳೆ ಸಾಹೇಬ್ರೆ. ಓಣ್ಯಾಗೆ ಕೂಸು ಅತ್ತರೆ ಸಾಕು, ಗ್ವಾಡ್ಯಾಗೆ ಬಳೆ ಸದ್ದಾಗ್ತೈತೆ" ಅಂದಳು. ತನ್ನ ಮೊಮ್ಮಕ್ಕಳು ಅತ್ತರೆ ಆ ಕಡೆಯಿಂದ ಎತ್ತಿಕೊಂಡು ಬಂದುಬಿಡುತ್ತಾಳಂತೆ, ಒಳಗಿರುವವಳಿಗೆ ಪಾಪ ಸಂಕಟ ಯಾಕೆ ಅಂತ. ನಾನು ನಕ್ಕೆ. ಅವಳು ನಗಲಿಲ್ಲ.

ಈ ಮಾತು ಕೇಳಿದ ಮೇಲೆ ಗಾರೆ ಮೇಸ್ತ್ರಿ ಪಾಲಯ್ಯನ ಆಳುಗಳು ಆ ಕೋಣೆಗೆ ಕಾಲಿಡುತ್ತಿಲ್ಲ. ಕರಿಬಸವರಾಜಪ್ಪನವರು ಮಾತ್ರ ಹಟ ಹಿಡಿದಿದ್ದಾರೆ, ಹುಡುಗರ ಪೂಜೆಯ ಕೋಣೆ ಅಲ್ಲೇ ಆಗಬೇಕಂತೆ. ಗೋಡೆ ಬಿಡೋಣ ಅಂದರೆ ಬೇರೆ ಓವರ್ಸಿಯರ್ ಸಿಗುತ್ತಾನೆ ಅನ್ನುತ್ತಾರೆ. ನಿಜ ಹೇಳುತ್ತೇನೆ, ಲಕ್ಕವಳ್ಳಿಯಲ್ಲಿ ಕೆಲಸ ಮುಗಿಯಲಿಲ್ಲ, ನನ್ನನ್ನು ಬಿಡಿಸಿದರು. ಇದೂ ಹೋದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನಮ್ಮೂರು ಕುಕ್ಕುವಾಡಕ್ಕೆ ಹೋಗಿ ಅವ್ವನ ಸಮಾಧಿಯ ಪಕ್ಕ ಗುಡಿಸಲು ಹಾಕಬೇಕು.

ಅಪ್ಪ ತೀರಿಹೋಗಿ ಇಷ್ಟು ವರ್ಷವಾದರೂ, ಆ ಕೋಣೆಯಲ್ಲಿ ನಿಂತಾಗಲೆಲ್ಲ ಯಾಕೋ ನೆನಪಾಗುತ್ತಾನೆ. ಬಾಗಿಲು ಮುಚ್ಚಿದರೆ ಎಷ್ಟು ರೇಗುತ್ತಿದ್ದ! ಎಂಥ ಸೋನೆ ಹಿಡಿದರೂ ಬಾಗಿಲು ತೆರೆದು ಹೊಸ್ತಿಲಲ್ಲೇ ಮಲಗುತ್ತಿದ್ದ. ದಮ್ಮು ಇತ್ತು ಅಂತ ಕಾಣುತ್ತದೆ.

ಕೆಂಚವೀರಪ್ಪ


ದಾವಣಗೆರೆ
2 ಫೆಬ್ರವರಿ 1958

ತಮ್ಮಾ,

ಅಪ್ಪನಿಗೆ ದಮ್ಮು ಇರಲಿಲ್ಲ.

ಇದನ್ನು ಬರೆದು ಅಂಚೆಗೆ ಹಾಕುವ ಧೈರ್ಯ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಮೊದಲು ಬರೆಯುತ್ತೇನೆ. ನೀನು ಕೇಳಿದ್ದು ಸರಿ, ಅಪ್ಪ ಗುಮಾಸ್ತನಾಗಿದ್ದದ್ದು ಅದೇ ಗೋದಾಮಿನಲ್ಲಿ. ಮುಂದಿನ ಕೋಣೆಯಲ್ಲಿ ನಮ್ಮ ಸಂಸಾರ. ನನಗೆ ಹತ್ತು ವರ್ಷ, ನೀನು ಆಗಷ್ಟೇ ಬೋರಲು ಬೀಳುತ್ತಿದ್ದ ಕೂಸು. ಅದು ದೊಡ್ಡ ಜ್ವರದ ವರ್ಷ. ದೀಪಾವಳಿಗೆ ಯಾರ ಮನೆಯಲ್ಲೂ ದೀಪ ಹಚ್ಚಲಿಲ್ಲ. ಹೊಳೆದಂಡೆಯಲ್ಲಿ ಉದ್ದಕ್ಕೆ ಗುಂಡಿ ತೋಡಿ, ಯಾರು ಎಂಥವರು ಅಂತ ನೋಡದೆ ಸಾಲಾಗಿ ಮಲಗಿಸಿ ಮಣ್ಣು ಎಳೆಯುತ್ತಿದ್ದರು.

ಅವ್ವನಿಗೆ ಜ್ವರ ಬಂತು. ಮಾತು ನಿಂತಿತು, ಆಮೇಲೆ ಮೈ ತಣ್ಣಗಾಯಿತು. ಅಪ್ಪ ಒಂದೆಳೆ ಅರಳೆ ತಂದು ಅವಳ ಮೂಗಿಗೆ ಹಿಡಿದ. ಅಲ್ಲಾಡಲಿಲ್ಲ ಅಂದ. ನನಗೆ ಅಲ್ಲಾಡಿದ ಹಾಗೆ ಕಂಡಿತು. ಗೋದಾಮಿನಲ್ಲಿ ಅರಳೆ ಯಾವಾಗಲೂ ಹಾರಾಡುತ್ತಲೇ ಇರುತ್ತದೆ, ಅದಕ್ಕೇ ಹಾಗೆ ಕಂಡಿತು ಅಂತ ನನಗೆ ನಾನೇ ಹೇಳಿಕೊಂಡೆ.

ಅವ್ವನನ್ನು ಆ ಗುಂಡಿಗೆ ಹಾಕಲು ಅಪ್ಪನಿಗೆ ಮನಸ್ಸು ಬರಲಿಲ್ಲ. ನಮ್ಮವರನ್ನು ಲಿಂಗ ಕೈಯಲ್ಲಿಟ್ಟು ಕೂರಿಸಬೇಕಲ್ಲ, ಮಲಗಿಸುವುದುಂಟೇ. ಆಳುಗಳು ಇಲ್ಲ, ಅಯ್ಯನವರನ್ನು ಕರೆದರೆ ಅವರ ಮನೆಯಲ್ಲೂ ಹೆಣ. "ಸ್ವಾಮಿಗಳು ಕೂತ ಜಾಗ ಐತೆ, ಅಲ್ಲೇ ಕೂರಸ್ತೀನಿ" ಅಂದ. ಮೈ ತೊಳೆದು, ವಿಭೂತಿ ಹಚ್ಚಿ, ಹಸಿರು ಬಳೆ ಕೈಯಲ್ಲಿದ್ದ ಹಾಗೇ ಬಡಗಣ ಕೋಣೆಯ ಗೂಡಿನಲ್ಲಿ ಕೂರಿಸಿದ. ಎಡಗೈಯಲ್ಲಿ ಲಿಂಗ ಇಟ್ಟ. ಹಳೆಯ ಕಲ್ಲು ಜೋಡಿಸಿ ಕೆಸರುಮಣ್ಣು ಮೆತ್ತಿ ಮುಚ್ಚಿದ. ಮಟಮಟ ಮಧ್ಯಾಹ್ನ. ನಾನು ನಿನ್ನನ್ನು ಎತ್ತಿಕೊಂಡು ನಿಂತಿದ್ದೆ.

ಅಪ್ಪ ಕೈ ತೊಳೆಯುತ್ತಿದ್ದಾಗ ಗೋಡೆಯೊಳಗೆ ಬಳೆ ಸದ್ದಾಯಿತು. "ಅಪ್ಪಾ, ಅವ್ವನ ಬಳೆ" ಅಂದೆ. ಅಪ್ಪ ಬಂದು ಗೋಡೆಗೆ ಕಿವಿ ಇಟ್ಟ. ಎಷ್ಟೋ ಹೊತ್ತು ಹಾಗೇ ನಿಂತಿದ್ದ. "ಗಾಳಿ ಅದು. ನಿಮ್ಮವ್ವ ಕುಕ್ಕುವಾಡದಾಗೆ ಅದಾಳೆ. ಯಾರು ಕೇಳಿದ್ರೂ ಅಷ್ಟೇ ಹೇಳು" ಅಂದ. ಆ ಗೋಡೆಯಲ್ಲಿ ಗಾಳಿ ಆಡಲು ಒಂದು ತೂತೂ ಇರಲಿಲ್ಲ. ಅವತ್ತೇ ಗಾಡಿ ಕಟ್ಟಿಸಿ ಊರು ಬಿಟ್ಟೆವು. ನೀನು ವರ್ಷ ವರ್ಷ ಹೂವು ಇಟ್ಟು ಬರುವ ಕುಕ್ಕುವಾಡದ ಸಮಾಧಿಯಲ್ಲಿ ಬರೀ ಮಣ್ಣಿದೆ.

ಆಗ ಅವ್ವ ಸತ್ತಿದ್ದಳೋ ಇಲ್ಲವೋ, ಅದೊಂದೇ ನನ್ನನ್ನು ಕೊರೆಯುವುದು. ಗೋಡೆ ಮುಚ್ಚಿರುವವರೆಗೆ ಸತ್ತಿದ್ದಳು ಅಂತ ಅಂದುಕೊಂಡು ಬದುಕಬಹುದು. ನೀನು ಅದನ್ನು ಒಡೆಯಬೇಡ ತಮ್ಮಾ.

ಕಸ್ತೂರಮ್ಮ


ಹರಿಹರ
19 ಫೆಬ್ರವರಿ 1958

ಅಕ್ಕಾ,

ನಿನ್ನಿಂದ ಕಾಗದವೇ ಇಲ್ಲ. ಮುನಿಸಿರಬೇಕು. ಈ ಸುದ್ದಿ ಕೇಳಿದರೆ ಮುನಿಸು ಬಿಟ್ಟು ಓಡಿ ಬರುತ್ತೀ.

ಶಿವರಾತ್ರಿಗೆ ಎರಡು ದಿನ ಮುಂಚೆ ಗೋಡೆ ಒಡೆಸಿದೆ. ಆಳುಗಳು ಬರಲಿಲ್ಲ, ಪಾಲಯ್ಯ ಮತ್ತು ನಾನು ಇಬ್ಬರೇ ಕಲ್ಲು ಕಿತ್ತೆವು. ಒಳಗೆ ಗೂಡು, ಗೂಡಿನಲ್ಲಿ ಕೂತ ಶರೀರ! ಎಲುಬಷ್ಟೇ ಉಳಿದಿದೆ. ಆದರೆ ಗೂಡು ಎಷ್ಟು ಕಿರಿದು ಅಂದರೆ ಕೂತವರು ಕುಸಿಯಲು ಜಾಗವೇ ಇಲ್ಲ. ತೊಡೆಯ ಮೇಲೆ ಎಡಗೈ, ಅದರಲ್ಲಿ ಲಿಂಗ. ಪಾಲಯ್ಯ ಗುದ್ದಲಿ ಬಿಟ್ಟು ಅಡ್ಡಬಿದ್ದ. ನನಗೂ ಕಣ್ಣಲ್ಲಿ ನೀರು ಬಂತು, ಯಾಕೆ ಅಂತ ಗೊತ್ತಿಲ್ಲ.

ಮುಖ್ಯವಾದದ್ದು ಈಗ ಕೇಳು. ಬಲಗೈ ತೊಡೆಯ ಮೇಲಿಲ್ಲ. ಮುಂದಿನ ಕಲ್ಲಿಗೆ ಆತು ಮೇಲಕ್ಕೆ ಎತ್ತಿದೆ, ಅಭಯ ಕೊಟ್ಟ ಹಾಗೆ. ಬೆರಳಿನ ಎಲುಬು ಕಲ್ಲುಸಂದಿನ ಮಣ್ಣಿನೊಳಗೇ ಹೂತು ಒಣಗಿತ್ತು, ಬಿಡಿಸಬೇಕಾಯಿತು. ಅಂದರೆ ಏನು? ಮುಚ್ಚುವಾಗ ಮಣ್ಣು ಹಸಿಯಾಗಿತ್ತು, ಒಳಗಿದ್ದವರು ಕೈ ಎತ್ತಿದ್ದರು. ಮಠದ ಸ್ವಾಮಿಗಳು ಜೀವಂತ ಸಮಾಧಿ ತೆಗೆದುಕೊಂಡಿದ್ದಾರೆ ಅಕ್ಕಾ! ಮಠದ ಗೋಡೆಗೆಲ್ಲ ಸುಣ್ಣದ ಗಾರೆ, ಇಲ್ಲಿ ಮಾತ್ರ ಕೆಸರು. ದಂಡು ಬರುವ ಗಡಿಬಿಡಿಯಲ್ಲಿ ಮುಚ್ಚಿರಬೇಕು ಅಂತ ಕಮಿಟಿಯ ಮುಂದೆ ನಾನೇ ವಿವರಿಸಿದೆ. ಎಲ್ಲರೂ ತಲೆದೂಗಿದರು.

ಶಿವರಾತ್ರಿಯ ದಿನ ಊರಿಗೆ ಊರೇ ಬಿಲ್ವಪತ್ರೆ ತಂದು ಸುರಿಯಿತು. ಕರಿಬಸವರಾಜಪ್ಪನವರು ನನಗೆ ಶಾಲು ಹೊದಿಸಿದರು. ಕೆಲಸ ಕಾಯಂ ಅಂದರು. ಕರಿಕಲ್ಲಿನ ಚಪ್ಪಡಿ ತರಿಸಿ ಗೂಡನ್ನು ಶಾಸ್ತ್ರೋಕ್ತವಾಗಿ ಮತ್ತೆ ಮುಚ್ಚುತ್ತೇವೆ, ಬರುವ ಸೋಮವಾರ ಮುಹೂರ್ತ. ನೀನು ಬರಲೇಬೇಕು. ಇಂಥ ಸಾವು ಯಾರಿಗೆ ಸಿಗುತ್ತದೆ ಹೇಳು.

ಕೆಂಚವೀರಪ್ಪ


ದಾವಣಗೆರೆ
21 ಫೆಬ್ರವರಿ 1958

ತಮ್ಮಾ,

ನಿನ್ನ ಕಾಗದ ಬಂತು. ಭಾವನವರು ಗಟ್ಟಿಯಾಗಿ ಓದಿ ಹೇಳಿದರು, ಬಹಳ ಹೆಮ್ಮೆಪಟ್ಟರು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ.

ಹಸಿರು ಗಾಜಿನ ಚೂರು ಏನಾದರೂ ಸಿಕ್ಕಿತೇ, ಚಿನ್ನದ ಬಣ್ಣದ ಗೀಟು ಇದ್ದದ್ದು? ಇಲ್ಲ ಅಂತ ಬರೆ. ಇಲ್ಲ ಅಂತಲೇ ಬರೆ ತಮ್ಮಾ.

ನಾನು ಇನ್ನೊಂದು ಕಾಗದ ಬರೆಯುವವರೆಗೆ ಗೂಡು ಮುಚ್ಚಬೇಡ. ಕರಿಬಸವರಾಜಪ್ಪನವರಿಗೆ ಏನಾದರೂ ನೆಪ ಹೇಳು.

ಕಸ್ತೂರಮ್ಮ


ಹರಿಹರ
24 ಫೆಬ್ರವರಿ 1958

ಅಕ್ಕಾ,

ಸೋಮವಾರ ಸಂಜೆ ಇದನ್ನು ಬರೆಯುತ್ತಿದ್ದೇನೆ. ನಿನ್ನ ಕಾಗದ ಬೆಳಿಗ್ಗೆಯೇ ಬಂದಿತ್ತು. ಒಡೆಯಲು ಪುರಸೊತ್ತಾಗದೆ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ, ಈಗ ಓದಿದೆ.

ಗೂಡು ಮುಚ್ಚಿಯಾಯಿತು. ಕಂಡುಹಿಡಿದವನೇ ಮುಚ್ಚಬೇಕು ಅಂತ ಎಲ್ಲರೂ ಒತ್ತಾಯ ಮಾಡಿದರು. ನಾನೇ ಚಪ್ಪಡಿ ನಿಲ್ಲಿಸಿ, ಒಂದು ಎಳೆಯೂ ಸಂದು ಬಿಡದ ಹಾಗೆ ಸಿಮೆಂಟು ಬಳಿದೆ. ಗುಂಪಿನಲ್ಲಿ ಯಾರದೋ ಮಡಿಲ ಕೂಸು ಅಳುತ್ತಿತ್ತು. ಅಷ್ಟರಲ್ಲಿ ಬಳೆ ಸದ್ದು ಕೇಳಿಸಿತು. ಹೆಂಗಸರು ಆರತಿ ಎತ್ತುತ್ತಿದ್ದಾರೆ ಅಂದುಕೊಂಡೆ. ತಿರುಗಿ ನೋಡಿದರೆ ಆರತಿ ಇನ್ನೂ ಹಚ್ಚಿರಲಿಲ್ಲ. ಇದೇ ಮೊದಲಲ್ಲ ಅಕ್ಕಾ. ನಿನಗೆ ಬರೆಯಲಿಲ್ಲ ಅಷ್ಟೇ, ಜನವರಿಯಲ್ಲೇ ಎರಡು ಮೂರು ಸಲ ಕೇಳಿದ್ದೆ.

ಗಾಜಿನ ಚೂರು ಸಿಕ್ಕಿದ್ದವು. ಹಸಿರು ಬಣ್ಣ, ಚಿನ್ನದ ಗೀಟು. ಯಾರೋ ಹರಕೆಗೆ ಹಾಕಿದ ಬಳೆ ಇರಬೇಕೆಂದು ನಾನು ಬದಿಗೆ ಗುಡಿಸಿದ್ದೆ. ಆದರೆ ಕಮಿಟಿಗೂ ಅದನ್ನು ಹೇಳಲಿಲ್ಲ, ನಿನಗೂ ಬರೆಯಲಿಲ್ಲ. ನಿನಗೆ ಹೇಗೆ ಗೊತ್ತು?

ಹೇಗೆ ಗೊತ್ತು ಅಕ್ಕಾ?

ಕೆಂಚವೀರಪ್ಪ


ದಾವಣಗೆರೆ
26 ಫೆಬ್ರವರಿ 1958

ತಮ್ಮಾ,

ಇದರ ಜೊತೆ ಇನ್ನೊಂದು ಕಾಗದ ಇದೆ. ತಾರೀಖು ನೋಡು. ಅವತ್ತೇ ಅಂಚೆಗೆ ಹಾಕಿದ್ದರೆ ನೀನು ಗೋಡೆ ಮುಟ್ಟುತ್ತಿರಲಿಲ್ಲ. ಮೊದಲು ಅದನ್ನು ಓದಿ ಆಮೇಲೆ ಇದನ್ನು ಓದು.

ಅದರಲ್ಲಿ ಒಂದು ಮಾತು ಬಿಟ್ಟಿದ್ದೆ. ಹಜೀರಾಬೀ ಹೇಳಿದ್ದು ಸುಳ್ಳಲ್ಲ. ಗಾಡಿ ಬರುವವರೆಗೆ ನೀನು ಹಾಲಿಗೆ ಅಳುತ್ತಲೇ ಇದ್ದೆ. ನೀನು ಅತ್ತಾಗಲೆಲ್ಲ ಬಳೆ ಸದ್ದಾಗುತ್ತಿತ್ತು. ನೀನು ಸುಮ್ಮನಾದರೆ ಅದೂ ಸುಮ್ಮನಾಗುತ್ತಿತ್ತು. ನನಗೆ ತಡೆಯಲಾಗದೆ ನಿನ್ನ ಬಾಯಿಗೆ ಬೆಲ್ಲದ ಚೂರು ಇಟ್ಟೆ. ಆಮೇಲೆ ಮತ್ತೆ ಸದ್ದಾಗಲಿಲ್ಲ.

ಅವತ್ತಿನಿಂದ ನನ್ನ ಬಳೆಗೆ ದಾರ ಸುತ್ತುತ್ತಿದ್ದೇನೆ.

ನೀನು ಅದನ್ನು ಅಭಯ ಅಂತ ಬರೆದೆ. ಅವಳು ನಿನ್ನನ್ನು ಎತ್ತಿಕೊಳ್ಳಲು ಕೈ ಚಾಚಿದ್ದಳು.

ಕಸ್ತೂರಮ್ಮ


ಹರಿಹರ
6 ಏಪ್ರಿಲ್ 1958

ಅಕ್ಕಾ,

ಯುಗಾದಿಗೂ ಕಾಗದ ಬರೆಯಲಿಲ್ಲ. ನಿನ್ನ ಮೇಲೆ ಸಿಟ್ಟಿನಿಂದ ಅಂತ ತಿಳಿಯಬೇಡ. ಪೆನ್ನು ಹಿಡಿದರೆ ಕೈಗೆ ಸಿಮೆಂಟಿನ ವಾಸನೆ ಬರುತ್ತಿತ್ತು. ಎಷ್ಟು ತೊಳೆದರೂ ಹೋಗಲಿಲ್ಲ.

ಕುಕ್ಕುವಾಡಕ್ಕೆ ಹೋಗಿ ಆ ಮಣ್ಣಿನ ಮುಂದೆ ಕೂತು ಬಂದೆ. ಅಪ್ಪನ ಮೇಲೆ ಕೂಗಾಡಬೇಕು ಅಂತಲೇ ಹೋಗಿದ್ದೆ. ಅಲ್ಲಿ ಕೂತಾಗ ಬರೀ ಹೊಸ್ತಿಲ ಮೇಲೆ ಮಲಗಿದ ಅಪ್ಪನೇ ಕಣ್ಣಿಗೆ ಬಂದ, ಮಳೆಯಲ್ಲಿ ನೆನೆಯುತ್ತಾ. ಅವನಿಗೂ ಕೇಳಿಸಿತ್ತು ಅಕ್ಕಾ. ಕೇಳಿಸಿದ ಮೇಲೂ ಕಲ್ಲು ತೆಗೆಯಲಿಲ್ಲ. ತೆಗೆದರೆ ಏನು ಕಾಣುತ್ತದೋ ಅಂತ ಹೆದರಿದ. ಕ್ಷಮಿಸಲು ನನ್ನಿಂದಾಗಲಿಲ್ಲ, ಬೈಯಲೂ ಆಗಲಿಲ್ಲ. ಅವನು ಗೊತ್ತಿಲ್ಲದೆ ಮುಚ್ಚಿದ, ಗೊತ್ತಾದ ಮೇಲೆ ಸುಮ್ಮನಿದ್ದ. ನಾನಂತೂ ಶಾಲು ಹೊದ್ದುಕೊಂಡು ಮುಚ್ಚಿದೆ.

ಊರಿಗೆ ನಿಜ ಹೇಳಲಿಲ್ಲ. ಹೇಳಿದರೆ ಅವ್ವನನ್ನು ಅಲ್ಲಿಂದ ಎಬ್ಬಿಸುತ್ತಾರೆ. ಸ್ವಾಮಿಗಳ ಹೆಸರು ಕೆತ್ತಿಸೋಣ, ಹಳಬರನ್ನು ಕೇಳಿ ಪತ್ತೆ ಮಾಡು ಅಂತ ಕರಿಬಸವರಾಜಪ್ಪನವರು ದಿನವೂ ಕೇಳುತ್ತಾರೆ. ಹೆಸರಿಲ್ಲದೆ ಹೋದವರು, ಹಾಗೇ ಇರಲಿ ಬಿಡ್ರಿ ಅಂದೆ. ಜ್ವರ ಬಂದ ಕೂಸುಗಳನ್ನು ತಾಯಂದಿರು ತಂದು ಆ ಚಪ್ಪಡಿಯ ಮುಂದೆ ಮಲಗಿಸುತ್ತಿದ್ದಾರೆ. ಯಾರು ಅವರಿಗೆ ಹಾಗೆ ಮಾಡಲು ಹೇಳಿದರೋ ಗೊತ್ತಿಲ್ಲ. ಹಜೀರಾಬೀ ಮೊನ್ನೆ ತನ್ನ ಮೊಮ್ಮಗನನ್ನೂ ತಂದಿದ್ದಳು.

ಹೊಳೆಯ ಕಡೆಯ ಕಿಟಕಿಗಳನ್ನೆಲ್ಲ ತೆಗೆಸಿದ್ದೇನೆ. ಬಡಗಣ ಕೋಣೆಗೆ ನೀನು ಹೇಳಿದ ಕಿಟಕಿಯನ್ನೂ ಇಡಿಸಿದೆ. ಆಮೇಲೆ ಒಂದು ದಿನ ಆಳುಗಳನ್ನು ಊಟಕ್ಕೆ ಕಳಿಸಿ, ಉಳಿ ಸುತ್ತಿಗೆ ತೆಗೆದುಕೊಂಡು ನಾನೇ ಆ ಚಪ್ಪಡಿಗೆ ಕಿಂಡಿ ಕೊರೆದೆ. ಅವಳ ಬೆರಳು ಸಿಕ್ಕಿಕೊಂಡಿದ್ದ ಎತ್ತರಕ್ಕೇ, ಅಂಗೈ ಅಗಲ. ಬಾಯಿಟ್ಟು ಅವ್ವಾ ಅಂತ ಒಂದು ಸಲ ಕರೆದೆ. ನನಗೆ ನಲವತ್ತು ತುಂಬುತ್ತಾ ಬಂತು ಅಕ್ಕಾ, ಆ ಮಾತನ್ನು ಯಾರಿಗೂ ಅಂದವನಲ್ಲ, ಬಾಯಲ್ಲಿ ಸರಿಯಾಗಿ ಹೊರಡಲಿಲ್ಲ. ಒಳಗೆ ಏನೂ ಸದ್ದಾಗಲಿಲ್ಲ. ಅವತ್ತಿನಿಂದ ಯಾರಿಗೂ ಕೇಳಿಸಿಲ್ಲವಂತೆ.

ಜನ ಅದನ್ನು ದರ್ಶನದ ಕಿಂಡಿ ಅನ್ನುತ್ತಾರೆ, ಸಾಲಾಗಿ ನಿಂತು ಕಣ್ಣಿಟ್ಟು ಹೋಗುತ್ತಾರೆ. ಗಾಳಿಗೆ ಬಿಟ್ಟದ್ದು ಅಂತ ನಾನು ಯಾರಿಗೂ ಹೇಳಿಲ್ಲ.

ನೀನು ಬಾ. ಭಾವನವರ ಮಂಡಿನೋವಿನ ನೆಪ ಇನ್ನು ಸಾಕು. ಬರುವಾಗ ಬಳೆಯ ದಾರ ಬಿಚ್ಚಿಕೊಂಡು ಬಾ. ಕಿಂಡಿಯ ಹತ್ತಿರ ಕೈ ಇಟ್ಟು ಒಂದು ಸಲ ಅಲ್ಲಾಡಿಸು. ಹೊರಗೆ ನಾವಿದ್ದೇವೆ ಅಂತ ಅವ್ವನಿಗೆ ಗೊತ್ತಾಗಲಿ.

ಕೆಂಚವೀರಪ್ಪ